ಹೊಸದಾಗಿ ಮಾಡಿದ ಹಳೇ ಮಾದರಿ ಸಿಂಗಲ್ ಶಾಟ್ ರೈಫಲ್‌ಗೆ ಯಾವ ತೋಟಾ ಹಾಕಬಹುದು?

ಹೊಸಕೈ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನನ್ನ ಕೈಗೆ ಶಾರ್ಪ್ಸ್ 1874 ಮಾದರಿಯ ರೈಫಲ್ ಬಂತು. ಹಳೇ ಕಾಲದ್ದಲ್ಲ, ಇಟಲಿಯಲ್ಲಿ ಈಚೆಗೆ ಮಾಡಿದ ಪ್ರತಿಕೃತಿ. .45-70 ತೋಟಾದ್ದು. ಪರವಾನಗಿ ಎಲ್ಲ ಸರಿಯಾಗಿದೆ. ಇನ್ನೂ ಒಂದು ಈಡೂ ಹೊಡೆದಿಲ್ಲ.

ರೈಫಲ್ ಜೊತೆ ಮೂರು ಡಬ್ಬಿ ತೋಟಾ ಸಿಕ್ಕಿವೆ. ಒಂದನೇದು ಕಾರ್ಖಾನೆಯದ್ದು, 405 ಗ್ರೇನ್ (ಸುಮಾರು 26 ಗ್ರಾಮ್) ಸೀಸದ ಗುಂಡು. ಎರಡನೇದೂ ಕಾರ್ಖಾನೆಯದ್ದೇ. ಆದರೆ ಅದರ ಮೇಲೆ "+ಪಿ" ಅಂತಿದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಆಧುನಿಕ ಲಿವರ್ ಆಕ್ಷನ್ ರೈಫಲ್‌ಗಳಿಗೆ ಮಾತ್ರ" ಅಂತ ಬರೆದಿದೆ. ಮೂರನೇದು ಯಾರೋ ಕೈಯಲ್ಲಿ ತುಂಬಿದ್ದು. ಪ್ಲಾಸ್ಟಿಕ್ ಡಬ್ಬಿಯಲ್ಲಿ 43 ತೋಟಾ ಇವೆ, ಒಳಗೆ ಚೀಟಿ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಮೂರೂ ಚೇಂಬರಿಗೆ (ನಳಿಗೆಯ ಹಿಂದೆ ತೋಟಾ ಕೂರುವ ಜಾಗ) ಸಲೀಸಾಗಿ ಕೂರುತ್ತವೆ. ರೈಫಲ್ ಹೊಸ ಉಕ್ಕಿನದ್ದು. ನನ್ನದಕ್ಕೂ ಕೆಳಗೆ ಲಿವರ್ ಇದೆ. ಹಾಗಾದರೆ ಮೂರನ್ನೂ ಹೊಡೆಯಬಹುದಾ?

ಗುರಿಗಾರ_45
ಒಂದನೇ ಡಬ್ಬಿ ಹೊಡೆಯಿರಿ. ಎರಡನೇದು ಬೇಡ. ಮೂರನೇದನ್ನು ಚೇಂಬರಿಗೆ ಹಾಕಿ ನೋಡುವುದೂ ಬೇಡ.

ಹಿತ್ತಾಳೆಕೇಸು
ಹೊಸಕೈ ಸರ್, ಕೇಳಿದ್ದು ಒಳ್ಳೇದಾಯ್ತು. ಮೊದಲು ಲಿವರ್ ವಿಷಯ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇಲ್ಲೇ ಬಹಳ ಜನ ಎಡವುತ್ತಾರೆ. ಡಬ್ಬಿಯ ಮೇಲೆ "ಲಿವರ್ ಆಕ್ಷನ್" ಅಂದರೆ ಮಾರ್ಲಿನ್ 1895 ಥರದ ರೈಫಲ್. ಮ್ಯಾಗಜಿನ್ ಇರುತ್ತದೆ, ಒಳಗೆ ಬೋಲ್ಟ್ ಹಿಂದೆ ಮುಂದೆ ಓಡುತ್ತದೆ. ಮಾರ್ಲಿನ್‌ನವರು ಆ ಹೆಸರನ್ನು 1972ರಲ್ಲಿ ಹೊಸ ವಿನ್ಯಾಸದೊಂದಿಗೆ ಮತ್ತೆ ತಂದರು. ನಿಮ್ಮ ಶಾರ್ಪ್ಸ್‌ನಲ್ಲಿ ಇರುವ ಲಿವರ್ ಬೇರೆ ಕೆಲಸದ್ದು. ಅದು ಒಂದು ಉಕ್ಕಿನ ಬ್ಲಾಕನ್ನು ಮೇಲೆ ಕೆಳಗೆ ಸರಿಸುತ್ತದೆ, ಅಷ್ಟೇ. ಅದಕ್ಕೆ ಫಾಲಿಂಗ್ ಬ್ಲಾಕ್ ಅಂತಾರೆ. ಲಿವರ್ ಇದೆ ಅಂದ ಮಾತ್ರಕ್ಕೆ ಆ ಡಬ್ಬಿ ನಿಮ್ಮ ರೈಫಲ್ ಬಗ್ಗೆ ಮಾತಾಡುತ್ತಿಲ್ಲ.

ಇನ್ನು "+ಪಿ". .45-70ಗೆ ಅಮೆರಿಕದ ತೋಟಾ ತಯಾರಕರ ಸಂಸ್ಥೆ ಸ್ಯಾಮಿ ಇಟ್ಟಿರುವ ಒತ್ತಡದ ಮಿತಿ 28,000 ಪಿಎಸ್‌ಐ (ಚದರ ಇಂಚಿಗೆ ಅಷ್ಟು ಪೌಂಡ್). ಈ ತೋಟಾಕ್ಕೆ ಸ್ಯಾಮಿಯಲ್ಲಿ +ಪಿ ಅನ್ನುವ ದರ್ಜೆಯೇ ಇಲ್ಲ. ಅಂದರೆ ಆ ಗುರುತು ಹಾಕಿದವರು ಮಿತಿ ದಾಟಿದ್ದೇವೆ ಅಂತ ಹೇಳಿದ್ದಾರೆ. ಎಷ್ಟು ದಾಟಿದ್ದಾರೆ ಅನ್ನೋದಕ್ಕೆ ಅವರ ಮಾತೇ ಅಳತೆ. ಒಬ್ಬರ +ಪಿ ಇನ್ನೊಬ್ಬರ +ಪಿ ಆಗಿರಬೇಕಿಲ್ಲ.

ಉಕ್ಕು_ಗಟ್ಟಿ
ಸ್ವಲ್ಪ ತಡೆಯಿರಿ. ಆ 28,000 ಯಾಕೆ ಇಟ್ಟರು? 1873ರ ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್ ರೈಫಲ್‌ಗಳು ಇನ್ನೂ ಜನರ ಕೈಯಲ್ಲಿವೆ, ಅವು ಒಡೆಯಬಾರದು ಅಂತ. ಹೊಸ ಪ್ರತಿಕೃತಿ ಮಾಡುವವರು ಈಗಿನ ಅಲಾಯ್ ಸ್ಟೀಲ್ ಬಳಸುತ್ತಾರೆ. ಫಾಲಿಂಗ್ ಬ್ಲಾಕ್ ದುರ್ಬಲ ಅನ್ನೋದೂ ಸುಳ್ಳು. ಬ್ರೌನಿಂಗ್ ಬಿ-78 ಫಾಲಿಂಗ್ ಬ್ಲಾಕೇ, ಅದು .30-06ರಲ್ಲೂ ಬಂದಿತ್ತು. ರೂಗರ್ ನಂಬರ್ 1 ಕೂಡ ಫಾಲಿಂಗ್ ಬ್ಲಾಕೇ. ಸುಮ್ನೆ ಹೊಸಬರನ್ನು ಹೆದರಿಸಬೇಡಿ.

ಲೇತ್_ಮನೆ
ನಾನು ಲೇತ್ ಮೇಲೆ 20 ವರ್ಷ ಕೆಲಸ ಮಾಡಿದವನು. ಉಕ್ಕು_ಗಟ್ಟಿ ಸರ್ ಹೇಳಿದ್ದರಲ್ಲಿ ಅರ್ಧ ಸರಿ. ಉಕ್ಕು ಬದಲಾಗಿದೆ. ಆದರೆ ಆಕಾರ ಬದಲಾಗಿಲ್ಲವಲ್ಲ? ಪ್ರತಿಕೃತಿ ಅಂದರೆ ಹಳೇ ಆಕಾರವನ್ನು ಹಾಗೇ ಉಳಿಸಿಕೊಂಡಿರುವುದು. ಲಿವರ್ ಕೂರುವ ಪಿನ್ನು ಅಷ್ಟೇ ದಪ್ಪ, ಗೋಡೆ ಅಷ್ಟೇ ತೆಳು, ತೋಟಾದ ಬುಡಕ್ಕೆ ಹೊಡೆಯುವ ಫೈರಿಂಗ್ ಪಿನ್ ಅದೇ ಓರೆ ದಾರಿಯಲ್ಲಿ ಬರುತ್ತದೆ. ಬಿ-78, ನಂಬರ್ 1 ಎರಡನ್ನೂ ಈ ಕಾಲದ ಒತ್ತಡಕ್ಕೆ ಅಂತಲೇ ಲೆಕ್ಕ ಹಾಕಿ ಮಾಡಿದ್ದು. ಅವುಗಳ ಬಲವನ್ನು ಶಾರ್ಪ್ಸ್‌ಗೆ ಸಾಲ ಕೊಡೋಕೆ ಆಗಲ್ಲ.

ಒಂದು ಲೆಕ್ಕ ಹಾಕಿ ನೋಡಿ. .45-70 ಕೇಸಿನ (ತೋಟಾದ ಹಿತ್ತಾಳೆ ಕವಚ) ಬುಡದ ಅಡ್ಡಳತೆ ಅರ್ಧ ಇಂಚಿಗೆ ಒಂದು ಕೂದಲು ಜಾಸ್ತಿ. ವಿಸ್ತೀರ್ಣ ಸುಮಾರು 0.2 ಚದರ ಇಂಚು. 28,000 ಪಿಎಸ್‌ಐಗೆ ಬ್ಲಾಕಿನ ಮೇಲೆ ಬೀಳುವ ಹೊಡೆತ 5,600 ಪೌಂಡ್, ಅಂದರೆ ಸುಮಾರು 2,500 ಕೆಜಿ. 40,000 ಮಾಡಿದರೆ 8,000 ಪೌಂಡ್, 3,600 ಕೆಜಿ. ಕೇಸಿನ ಗೋಡೆ ಚೇಂಬರಿಗೆ ಕಚ್ಚಿಕೊಂಡು ಸ್ವಲ್ಪ ಭಾರ ಹೊರುತ್ತದೆ, ಒಳಗಿನ ಅಳತೆಯೂ ಕಮ್ಮಿ. ಹಾಗಾಗಿ ಇದು ಮೇಲ್ಮಟ್ಟದ ಅಂದಾಜು. ಆದರೂ ಒಂದು ಸಾವಿರ ಕೆಜಿ ಜಾಸ್ತಿ ಹೊಡೆತ, ಪ್ರತಿ ಈಡಿಗೂ. ಅಗಲ ಬುಡದ ತೋಟಾದಲ್ಲಿ ಒತ್ತಡದ ಅಂಕಿ ಸಣ್ಣದಾಗಿ ಕಂಡರೂ ಹಿಂದಕ್ಕೆ ತಳ್ಳುವ ಬಲ ಸಣ್ಣದಲ್ಲ.

ಒಂದೇ ಈಡಿಗೆ ಒಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಪಿನ್ನಿನ ತೂತು ನಿಧಾನವಾಗಿ ಮೊಟ್ಟೆ ಆಕಾರಕ್ಕೆ ತಿರುಗುತ್ತದೆ. ಬ್ಲಾಕಿಗೂ ಕೇಸಿಗೂ ನಡುವೆ ಸಂದು ಬೆಳೆಯುತ್ತದೆ. ಆಮೇಲೆ ಒಂದು ದಿನ ಕೇಸು ಬುಡದ ಹತ್ತಿರ ಸೀಳುತ್ತದೆ.

ಉಕ್ಕು_ಗಟ್ಟಿ
ಪ್ರೂಫ್ ಮನೆಯಲ್ಲಿ (ಬಂದೂಕು ಪರೀಕ್ಷಿಸುವ ಜಾಗ) ಮಿತಿಗಿಂತ ಜಾಸ್ತಿ ಒತ್ತಡದ ತೋಟಾ ಹೊಡೆದೇ ಮುದ್ರೆ ಹಾಕುತ್ತಾರೆ. ಅದನ್ನು ತಡೆದುಕೊಂಡಿದೆ ಅಲ್ವಾ?

ಲೇತ್_ಮನೆ
ತಡೆದುಕೊಂಡಿದೆ, ಪರೀಕ್ಷೆಯ ಒಂದೆರಡು ಈಡಿಗೆ. ಕ್ರೇನಿನ ಕೊಕ್ಕೆಯನ್ನೂ ಒಂದು ಸಲ ಜಾಸ್ತಿ ಭಾರ ಹಾಕಿ ಪರೀಕ್ಷೆ ಮಾಡುತ್ತಾರೆ. ದಿನಾ ಅಷ್ಟೇ ಭಾರ ಎತ್ತಿ ಅಂತ ಅದರ ಅರ್ಥ ಅಲ್ಲ.

ಪ್ರೂಫ್‌ಮುದ್ರೆ
ಮುದ್ರೆ ವಿಷಯ ಬಂತಲ್ಲ, ಹೊಸಕೈ ಅವರೇ, ನಳಿಗೆಯ ಬುಡದಲ್ಲಿ ನೋಡಿ. ಇಟಲಿಯ ಪ್ರತಿಕೃತಿಗಳು ಬಹುತೇಕ ಗಾರ್ಡೋನೆ ವಾಲ್ ಟ್ರೊಂಪಿಯಾದ ಪ್ರೂಫ್ ಮನೆಯಿಂದ ಬರುತ್ತವೆ. ಅಲ್ಲಿ "ಪಿಎನ್" ಅಂತಿದ್ದರೆ ಹಳೇ ಕಾಲದ ಕರಿಮದ್ದಿನ ಪರೀಕ್ಷೆ ಮಾತ್ರ ಆಗಿದೆ. "ಪಿಎಸ್‌ಎಫ್" ಅಂತಿದ್ದರೆ ಈಗಿನ ಹೊಗೆಯಿಲ್ಲದ ಮದ್ದಿನ ಪರೀಕ್ಷೆ ಆಗಿದೆ. ಪಕ್ಕದಲ್ಲಿ ಚೌಕದೊಳಗೆ ಅಕ್ಷರ ಇರುತ್ತವೆ, ಅದು ಪರೀಕ್ಷೆಯ ವರ್ಷದ ಗುರುತು. ನಳಿಗೆಯ ಕೆಳಗಿನ ಮರದ ಮುಂಗೈ ಬಿಚ್ಚಿದರೆ ಕೆಲವೊಮ್ಮೆ ಅದರ ಕೆಳಗೆ ಸಿಗುತ್ತದೆ.

ನೆನಪಿಡಿ, ಪಿಎಸ್‌ಎಫ್ ಇದ್ದರೂ ಅದು ಆ ತೋಟಾದ ಮಾಮೂಲು ಮಿತಿಗೆ ಕೊಟ್ಟ ಮುದ್ರೆ.

ಹಿತ್ತಾಳೆಕೇಸು
ಸರಿಯಾದ ಮಾತು. ತೋಟಾ ತುಂಬುವವರ ಕೈಪಿಡಿ ತೆಗೆದರೆ .45-70ಗೆ ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಟ್ರ್ಯಾಪ್‌ಡೋರ್‌ಗೆ ಒಂದು. ಹೊಸ ಲಿವರ್ ಆಕ್ಷನ್‌ಗೆ ಒಂದು, ಅದು ಸುಮಾರು 40,000 ಪಿಎಸ್‌ಐ ತನಕ ಹೋಗುತ್ತದೆ. ರೂಗರ್ ನಂಬರ್ 1ಕ್ಕೆ ಇನ್ನೂ ಮೇಲಿನದ್ದು. ಮೂರೂ ತೋಟಾ ಹೊರಗಿನಿಂದ ಒಂದೇ ಥರ. ಒಂದೇ ಕೇಸು, ಒಂದೇ ಕೇಪು (ಏಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆ), ಬುಡದಲ್ಲಿ ಒಂದೇ ಮುದ್ರೆ. ಮೂರೂ ನಿಮ್ಮ ಚೇಂಬರಿಗೆ ಕೂರುತ್ತವೆ. "ಕೂರುತ್ತದೆ" ಅನ್ನೋದು ಅಳತೆಯ ಮಾತು. ಒತ್ತಡದ ಬಗ್ಗೆ ಅದು ಏನೂ ಹೇಳಲ್ಲ.

ನಿಮ್ಮ ರೈಫಲ್ ಜೊತೆ ಬಂದ ಕೈಪುಸ್ತಕದಲ್ಲಿ ತಯಾರಕರು ಏನು ಬರೆದಿದ್ದಾರೋ ಅದೇ ಕೊನೇ ಮಾತು. ನನ್ನ ಮಾತಲ್ಲ, ಉಕ್ಕು_ಗಟ್ಟಿ ಅವರ ಮಾತೂ ಅಲ್ಲ.

ಕರಿಹೊಗೆ
ಇನ್ನೊಂದು ತಪ್ಪು ನಂಬಿಕೆ ಇದೆ. "ಮೊದಲು ಒಂದು ಹೊಡೆದು ಕೇಪು ನೋಡ್ತೀನಿ, ಚಪ್ಪಟೆ ಆಗಿಲ್ಲ ಅಂದರೆ ಒತ್ತಡ ಕಮ್ಮಿ" ಅಂತ ಬಹಳ ಜನ ಹೇಳುತ್ತಾರೆ. ಇದು ಬೋಲ್ಟ್ ಆಕ್ಷನ್ ಕಾಲದ ಅಭ್ಯಾಸ. ಕೇಪು, ಹಿತ್ತಾಳೆ ಇವು ಬಾಯಿಬಿಟ್ಟು ದೂರು ಹೇಳುವುದು ಒತ್ತಡ 60,000ದ ಸುತ್ತಮುತ್ತ ಹೋದಾಗ. ಅಷ್ಟರೊಳಗೆ ಟ್ರ್ಯಾಪ್‌ಡೋರ್ ಥರದ ರೈಫಲ್ ಎಷ್ಟು ಹೊತ್ತಿಗೋ ತನ್ನ ಮಿತಿ ದಾಟಿರುತ್ತದೆ. ಕೇಪು ದುಂಡಗಿದೆ ಅಂತ ಧೈರ್ಯ ಮಾಡಬೇಡಿ.

ಓದುಗ_ಮಾತ್ರ
ಇದು ನನಗೆ ಗೊತ್ತೇ ಇರಲಿಲ್ಲ. ಧನ್ಯವಾದ ಸರ್.

ತಕ್ಕಡಿ
ಮೂರನೇ ಡಬ್ಬಿ ಬಗ್ಗೆ ನಾನು ಹೇಳಲೇಬೇಕು. ನನಗೇ ಆದದ್ದು.

ಕೆಲವು ವರ್ಷದ ಹಿಂದೆ .45-70ಗೆ ಹಗುರ ಈಡು ಬೇಕು ಅಂತ ಬೇಗ ಉರಿಯುವ ಹೊಗೆಯಿಲ್ಲದ ಮದ್ದು ತುಂಬುತ್ತಿದ್ದೆ. ಈ ಕೇಸು ಹುಟ್ಟಿದ್ದೇ 70 ಗ್ರೇನ್ ಕರಿಮದ್ದಿಗೆ. ಹೊಗೆಯಿಲ್ಲದ ಮದ್ದು ಹಾಕಿದರೆ ತಳದಲ್ಲಿ ಒಂದಿಷ್ಟು ಬೀಳುತ್ತದೆ, ಮೇಲೆಲ್ಲ ಖಾಲಿ. ಒಂದರಲ್ಲಿ ಎರಡು ಸಲ ಬಿದ್ದರೂ ಉಕ್ಕಿ ಹೊರಗೆ ಬರಲ್ಲ. ಮೂರು ಸಲ ಬಿದ್ದರೂ ಬರಲಿಕ್ಕಿಲ್ಲ. ಆ ದಿನ ನಡುವೆ ಫೋನ್ ಬಂತು, ಎದ್ದು ಹೋದೆ. ಬಂದು ಮುಂದುವರಿಸಿದೆ. ಗುಂಡು ಕೂರಿಸುವ ಮುಂಚೆ ಅಭ್ಯಾಸದಂತೆ ಮರದ ಹಲಗೆಯಲ್ಲಿ ನಿಲ್ಲಿಸಿದ 50 ಕೇಸುಗಳ ಮೇಲೆ ಟಾರ್ಚ್ ಹಿಡಿದು ಒಂದೊಂದೇ ಸಾಲು ನೋಡಿದೆ. 49ರಲ್ಲಿ ಮದ್ದು ಆಳದಲ್ಲಿ ಕಪ್ಪಗೆ ಕಾಣುತ್ತಿತ್ತು. ಮೂರನೇ ಸಾಲಿನ ಒಂದರಲ್ಲಿ ಮಾತ್ರ ಅದು ಮೇಲೆ ಬಂದು ಬೆಳಕಿಗೆ ಮಿಂಚಿತು. ಕೈ ತಣ್ಣಗಾಯಿತು.

ಅವತ್ತಿನಿಂದ ತುಂಬುವ ಮೇಜಿನ ಹತ್ತಿರ ಫೋನ್ ತರುವುದಿಲ್ಲ. ನಡುವೆ ಎದ್ದರೆ ಅಷ್ಟೂ ಕೇಸು ಖಾಲಿ ಮಾಡಿ ಮೊದಲಿಂದ ಶುರು.

ನಿಮ್ಮ 43 ತೋಟಾ ತುಂಬಿದವರು ಟಾರ್ಚ್ ಹಿಡಿದಿದ್ದರೋ ಇಲ್ಲವೋ ನಿಮಗೆ ಗೊತ್ತಿಲ್ಲ ಸರ್.

ಗುರಿಗಾರ_45
ತುಂಬಿದ ಮೇಲೂ ತೂಗಿ ನೋಡಬಹುದಲ್ಲ? ಎರಡು ಸಲ ಮದ್ದು ಬಿದ್ದದ್ದು ಭಾರ ಬರುತ್ತದೆ.

ತಕ್ಕಡಿ
ನಂಬಬೇಡಿ. ಕೇಸಿನ ಹಿತ್ತಾಳೆಯಲ್ಲೇ ಒಂದಕ್ಕೊಂದು ಹಲವು ಗ್ರೇನ್ ವ್ಯತ್ಯಾಸ ಇರುತ್ತದೆ. ಕೈಯಲ್ಲಿ ಎರಕ ಹೊಯ್ದ ಸೀಸದ ಗುಂಡಿನಲ್ಲೂ ಇರುತ್ತದೆ. ಎರಡೂ ಸೇರಿ ಹಗುರ ಮದ್ದಿನ ವ್ಯತ್ಯಾಸವನ್ನು ನುಂಗಿ ಹಾಕಬಹುದು. ತೂಕ ಸಂಶಯ ಹುಟ್ಟಿಸಬಹುದು. ಸುರಕ್ಷಿತ ಅಂತ ಹೇಳೋಕೆ ಅದರಿಂದ ಆಗಲ್ಲ. ಮೇಲಾಗಿ ಒಳಗಿರುವ ಮದ್ದು ಯಾವುದು ಅಂತ ಯಾವ ತಕ್ಕಡಿಯೂ ಹೇಳಲ್ಲ.

ತಕ್ಕಡಿ ಅಂದಾಗ ನೆನಪಾಯ್ತು. ಎಲೆಕ್ಟ್ರಾನಿಕ್ ತಕ್ಕಡಿ ಗ್ರಾಮ್‌ನಲ್ಲಿದೆಯೋ ಗ್ರೇನ್‌ನಲ್ಲಿದೆಯೋ ಪ್ರತಿ ಸಲ ನೋಡಿ. ಒಂದು ಗ್ರಾಮ್‌ಗೆ 15.4 ಗ್ರೇನ್. ಒಂದು ಬಟನ್ ಒತ್ತಿದರೆ ಬದಲಾಗಿಬಿಡುತ್ತದೆ.

ಹೊಸಕೈ
ಎಲ್ಲರಿಗೂ ಧನ್ಯವಾದ. ಇಷ್ಟು ಬೇಗ ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮೂರನೇ ಡಬ್ಬಿಯ ತೋಟಾ ಒಂದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಮರಳು ಹರಿದ ಹಾಗೆ ಸದ್ದು ಬರುತ್ತದೆ. ಕೊಟ್ಟವರು "ಅದು ಕರಿಮದ್ದಿನದ್ದು, ಹಳೇ ಕಾಲದ ಹಾಗೆ ತುಂಬಿದ್ದು, ಏನೂ ಆಗಲ್ಲ" ಅಂದಿದ್ದರು.

ಕರಿಹೊಗೆ
ಸದ್ದು ಬರುತ್ತದೆ ಅಂದರೆ ಆ ಮಾತು ನಿಲ್ಲುವುದಿಲ್ಲ ಸರ್. ಕರಿಮದ್ದಿನ ತೋಟಾ ಸರಿಯಾಗಿ ತುಂಬಿದರೆ ಅಲ್ಲಾಡಿಸಿದಾಗ ಕಲ್ಲಿನ ಹಾಗೆ ಮೌನ. ಮದ್ದನ್ನು ಗುಂಡಿನ ಬುಡದ ತನಕ ತುಂಬಿ, ಮೇಲೆ ರಟ್ಟಿನ ಬಿಲ್ಲೆ ಇಟ್ಟು, ಒತ್ತಿ ಬಿಗಿ ಮಾಡಬೇಕು. ಗಾಳಿಗೆ ಜಾಗ ಇರಲೇಬಾರದು. ಜಾಗ ಉಳಿದರೆ ನಳಿಗೆ ಒಳಗೆ ಬಳೆಯ ಹಾಗೆ ಒಂದು ಉಬ್ಬು ಬೀಳಬಹುದು. ನನ್ನ ಪರಿಚಯದವರ ರೈಫಲ್‌ನಲ್ಲಿ ಅಂಥದ್ದು ನೋಡಿದ್ದೇನೆ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರೆ ಒಂದು ಕಪ್ಪು ಉಂಗುರ. ಹೊರಗೆ ಬೆರಳು ಆಡಿಸಿದರೆ ಆ ಜಾಗದಲ್ಲಿ ಸಣ್ಣಗೆ ಏರು ಸಿಗುತ್ತಿತ್ತು.

ಹಾಗಾಗಿ ನಿಮ್ಮ ತೋಟಾದಲ್ಲಿ ಇರುವುದು ಒಂದೋ ಖಾಲಿ ಜಾಗ ಬಿಟ್ಟ ಕರಿಮದ್ದು, ಇಲ್ಲಾ ಹೊಗೆಯಿಲ್ಲದ ಮದ್ದು. ಮೊದಲನೇದು ತಪ್ಪು ತುಂಬಿದ್ದು. ಎರಡನೇದಾದರೆ ಕೊಟ್ಟವರು ಹೇಳಿದ್ದು ತಪ್ಪು. ಯಾವುದಾದರೂ ಹೊಡೆಯುವ ಹಾಗಿಲ್ಲ.

ಲೇತ್_ಮನೆ
ಇನ್ನೊಂದು ಸಾಧ್ಯತೆಯೂ ಇದೆ, ಎರಡನ್ನೂ ಬೆರೆಸಿ ತುಂಬಿದ್ದು. ಕೆಳಗೆ ಸ್ವಲ್ಪ ಹೊಗೆಯಿಲ್ಲದ ಮದ್ದು, ಮೇಲೆ ಕರಿಮದ್ದು. ಮಸಿ ಕಮ್ಮಿ ಆಗಲಿ ಅಂತ ಕೆಲವರು ಮಾಡುತ್ತಾರೆ. ಬೇರೆಯವರು ಬೆರೆಸಿದ್ದನ್ನು ನನ್ನ ರೈಫಲ್‌ಗೆ ನಾನಂತೂ ಹಾಕಲ್ಲ.

ಊದುಗೊಳವೆ
ಕರಿಮದ್ದನ್ನು ಅಳತೆ ಡಬ್ಬಿಯಲ್ಲಿ ಅಳೆಯುವವರಿಗೆ ಒಂದು ಮಾತು. ಆ ಹಿತ್ತಾಳೆ ಅಳತೆಯ ಮೇಲೆ 70 ಅಂತ ಗೀಟು ಇದೆಯಲ್ಲ, ಅದು ಕರಿಮದ್ದಿನ 70. ಕರಿಮದ್ದಿನ ಬದಲಿಗೆ ಬರುವ ಪೈರೋಡೆಕ್ಸ್ ಥರದ ಮದ್ದನ್ನೂ ಅದೇ ಗೀಟಿಗೆ ಅಳೆಯುತ್ತಾರೆ, ತೂಗುವುದಿಲ್ಲ. ಆದರೆ ಅದೇ ಗೀಟಿಗೆ ಹೊಗೆಯಿಲ್ಲದ ಮದ್ದು ತುಂಬಿದರೆ ಅದು ತೋಟಾ ಅಲ್ಲ, ಬಾಂಬು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು. ಮದ್ದು ಅದರ ಮೂಲ ಡಬ್ಬಿಯಲ್ಲೇ ಇರಬೇಕು. ಬೇರೆ ಬಾಟಲಿಗೆ ಸುರಿಯಬೇಡಿ.

ಇತಿಹಾಸಪ್ರಿಯೆ
ಹೆಸರಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಹಳೇ ದಾಖಲೆಯಲ್ಲಿ 45-70-405 ಅಂತ ಬರುತ್ತದೆ. ಗುಂಡಿನ ಅಗಲ .45 ಇಂಚು, 70 ಗ್ರೇನ್ ಕರಿಮದ್ದು, 405 ಗ್ರೇನ್ ಗುಂಡು. ಅಂದರೆ ಸುಮಾರು ನಾಲ್ಕೂವರೆ ಗ್ರಾಮ್ ಮದ್ದು, 26 ಗ್ರಾಮ್ ಸೀಸ. ಕುದುರೆ ಸವಾರರ ಕಾರ್ಬೈನ್‌ಗೆ ಅದೇ ಕೇಸಿನಲ್ಲಿ 55 ಗ್ರೇನ್ ಮಾತ್ರ ತುಂಬುತ್ತಿದ್ದರು. ಹಗುರ ಬಂದೂಕಿಗೆ ಹಗುರ ಮದ್ದು ಅನ್ನುವ ತಿಳಿವಳಿಕೆ ಆಗಲೇ ಇತ್ತು.

ಆಗಿನ ಕೇಸು ತಾಮ್ರದ್ದು. 1876ರ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಬಿಸಿಯಾದ ಕಾರ್ಬೈನ್‌ಗಳಲ್ಲಿ ಕೇಸು ಸಿಕ್ಕಿಹಾಕಿಕೊಂಡದ್ದೇ ಅಮೆರಿಕದ ಸೇನಾಧಿಕಾರಿ ಕಸ್ಟರ್ ಸೋಲಿಗೆ ಕಾರಣ ಅಂತ ಬಹಳ ಕಾಲ ಹೇಳುತ್ತಿದ್ದರು. ಆಮೇಲೆ ನೆಲ ಅಗೆದು ಹುಡುಕಿದಾಗ ಸಿಕ್ಕ ಕೇಸುಗಳಲ್ಲಿ ಕಿತ್ತು ತೆಗೆದ ಗೀರು ಇದ್ದದ್ದು ಸ್ವಲ್ಪಕ್ಕೆ ಮಾತ್ರ. ತೊಂದರೆ ನಿಜ, ಸೋಲಿಗೆ ಅದೊಂದೇ ಕಾರಣ ಅಲ್ಲ.

ಗುರಿಗಾರ_45
ಮೇಡಂ, ಕ್ರೀಡ್‌ಮೋರ್ ಕತೆಯೂ ಹೇಳಿ. ಅದು ಇದೇ ರೈಫಲ್‌ಗಳದ್ದು.

ಇತಿಹಾಸಪ್ರಿಯೆ
1874ರ ಸೆಪ್ಟೆಂಬರ್. ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೋರ್ ಮೈದಾನ. ಐರ್ಲೆಂಡ್ ತಂಡದ ಕೈಯಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ರಿಗ್ಬಿ ರೈಫಲ್. ಅಮೆರಿಕದವರ ಕೈಯಲ್ಲಿ ಹಿಂದಿನಿಂದ ತುಂಬುವ ಶಾರ್ಪ್ಸ್ ಮತ್ತು ರೆಮಿಂಗ್ಟನ್ ರೋಲಿಂಗ್ ಬ್ಲಾಕ್. 800, 900, 1,000 ಗಜ ದೂರದ ಗುರಿ. ಅಮೆರಿಕ 934, ಐರ್ಲೆಂಡ್ 931. ಐರ್ಲೆಂಡಿನ ಒಬ್ಬರು ಪಕ್ಕದ ಗುರಿಗೆ ನಡುಮಧ್ಯ ಹೊಡೆದರು. ಏಟು ಚೆನ್ನಾಗಿತ್ತು, ಅಂಕ ಬರಲಿಲ್ಲ.

ಊದುಗೊಳವೆ
ಆ ದೂರಕ್ಕೆ ಇವತ್ತೂ ಕರಿಮದ್ದಿನಲ್ಲೇ ಹೊಡೆಯುವವರು ಇದ್ದಾರೆ. 28,000ದ ಹತ್ತಿರಕ್ಕೂ ಹೋಗದೆ ಕೆಲಸ ಆಗುತ್ತದೆ. +ಪಿ ಯಾಕೆ ಬೇಕು ಹೇಳಿ?

ಅಂದ ಹಾಗೆ ನನ್ನ ಹೆಸರು ಬಂದದ್ದೂ ಅಲ್ಲಿಂದಲೇ. ಎರಡು ಈಡಿನ ನಡುವೆ ಒಂದು ಕೊಳವೆಯನ್ನು ಚೇಂಬರಿನ ಕಡೆಯಿಂದ ಇಟ್ಟು ನಿಧಾನವಾಗಿ ನಾಲ್ಕೈದು ಸಲ ಊದುತ್ತೇವೆ. ಉಸಿರಿನ ತೇವಕ್ಕೆ ನಳಿಗೆಯೊಳಗಿನ ಗಟ್ಟಿ ಮಸಿ ಮೆತ್ತಗಾಗುತ್ತದೆ. ಬ್ಲಾಕ್ ಪೂರ್ತಿ ತೆರೆದು, ಚೇಂಬರ್ ಖಾಲಿ ಅಂತ ಕಣ್ಣಲ್ಲಿ ನೋಡಿ, ಆಮೇಲೇ ಊದಬೇಕು. ಯಾವತ್ತೂ ಹಿಂದಿನ ಕಡೆಯಿಂದಲೇ. ಗುಂಡಿಗೆ ಹಚ್ಚುವ ಜಿಡ್ಡು ಜೇನುಮೇಣ, ಪ್ರಾಣಿ ಕೊಬ್ಬು ಅಥವಾ ಗಿಡದ ಎಣ್ಣೆಯದ್ದಿರಲಿ. ಪೆಟ್ರೋಲಿಯಂ ಗ್ರೀಸು ಕರಿಮದ್ದಿನ ಜೊತೆ ಟಾರಿನ ಹಾಗೆ ಗಟ್ಟಿಯಾಗುತ್ತದೆ.

ತಕ್ಕಡಿ
ವಿಷಯಕ್ಕೆ ವಾಪಸ್ ಬರೋಣ. .38-55 ತೋಟಾದ ಪ್ರತಿಕೃತಿ ರೈಫಲ್ ಇಟ್ಟುಕೊಂಡವರು ಇಲ್ಲಿ ಯಾರಾದರೂ ಇದ್ದರೆ ಇದನ್ನು ಓದಿ. 1978ರಲ್ಲಿ .375 ವಿಂಚೆಸ್ಟರ್ ಅಂತ ಒಂದು ತೋಟಾ ಬಂತು. ಅದರ ಕೇಸು .38-55 ಥರವೇ, ಒಂದಿಷ್ಟು ಗಿಡ್ಡ. .38-55 ಚೇಂಬರಿಗೆ ಸಲೀಸಾಗಿ ಇಳಿಯುತ್ತದೆ. ಆದರೆ .38-55ರ ಮಿತಿ ಹಳೇ ತಾಮ್ರದ ಅಳತೆಯಲ್ಲಿ 30,000, .375ರದ್ದು ಅದೇ ಅಳತೆಯಲ್ಲಿ 52,000. ಎರಡೂ ತೋಟಾ ಒಂದೇ ಚೀಲದಲ್ಲಿ ಇರಬಾರದು.

ಓದುಗ_ಮಾತ್ರ
ತಾಮ್ರದ ಅಳತೆ ಅಂದರೆ ಏನು ಸರ್?

ಹಿತ್ತಾಳೆಕೇಸು
ಚೇಂಬರಿನ ಪಕ್ಕ ತೂತು ಕೊರೆದು ಅಲ್ಲಿ ಒಂದು ಸಣ್ಣ ತಾಮ್ರದ ತುಂಡು ಇಡುತ್ತಿದ್ದರು. ಈಡು ಹಾರಿದಾಗ ಆ ತುಂಡು ಎಷ್ಟು ಜಜ್ಜಿತು ಅಂತ ಅಳೆದು ಒತ್ತಡ ಲೆಕ್ಕ ಹಾಕುತ್ತಿದ್ದರು. ಅದನ್ನು ಸಿಯುಪಿ ಅಂತ ಬರೆಯುತ್ತಾರೆ. ಈಗ ಎಲೆಕ್ಟ್ರಾನಿಕ್ ಸೆನ್ಸರ್‌ನಲ್ಲಿ ಅಳೆದು ಪಿಎಸ್‌ಐ ಅಂತ ಬರೆಯುತ್ತಾರೆ. ಎರಡರ ಅಂಕಿಯನ್ನು ಒಂದಕ್ಕೊಂದು ಹೋಲಿಸಬೇಡಿ. ಒಂದು ಪುಸ್ತಕದ ಸಿಯುಪಿ ಅಂಕಿಯನ್ನು ಇನ್ನೊಂದರ ಪಿಎಸ್‌ಐ ಜೊತೆ ಇಟ್ಟು "ಇನ್ನೂ ಜಾಗ ಇದೆ" ಅಂದುಕೊಂಡವರನ್ನು ನೋಡಿದ್ದೇನೆ.

ಲೇತ್_ಮನೆ
ಹಾಗೇ ನಳಿಗೆ ಮೇಲಿನ ಹೆಸರನ್ನು ಪೂರ್ತಿ ಓದಿ. ಶಾರ್ಪ್ಸ್ ಪ್ರತಿಕೃತಿಗಳು .45-70, .45-90, .45-110, .45-120 ಅಂತೆಲ್ಲ ಬರುತ್ತವೆ. ಬುಡ ಒಂದೇ, ಕೇಸಿನ ಉದ್ದ ಬೇರೆ. 2.1 ಇಂಚಿನಿಂದ 3¼ ಇಂಚಿನ ತನಕ. ಗಿಡ್ಡ ತೋಟಾ ಉದ್ದದ ಚೇಂಬರಿಗೆ ಇಳಿಯುತ್ತದೆ, ಗುಂಡು ಆ ಖಾಲಿ ಜಾಗ ಹಾರಿ ಹೋಗಬೇಕಾಗುತ್ತದೆ. ಹಳೇ ಕೈಯಿಂದ ಕೊಂಡಿದ್ದರೆ ಯಾರಾದರೂ ಚೇಂಬರ್ ಉದ್ದ ಕೊರೆಸಿರಲೂಬಹುದು. ಗನ್‌ಸ್ಮಿತ್ ಹತ್ತಿರ ಚೇಂಬರಿನ ಅಚ್ಚು ತೆಗೆಸಿದರೆ ಗೊತ್ತಾಗುತ್ತದೆ.

ಉಕ್ಕು_ಗಟ್ಟಿ
ನನ್ನ ರೈಫಲ್‌ನ ಕೈಪುಸ್ತಕ ಇವತ್ತು ಹುಡುಕಿ ತೆಗೆದೆ. ನನ್ನದು 1885 ಹೈ ವಾಲ್ ಪ್ರತಿಕೃತಿ, ಅದೂ ಫಾಲಿಂಗ್ ಬ್ಲಾಕೇ. ಅದರಲ್ಲೂ ಸ್ಯಾಮಿ ಮತ್ತು ಸಿಐಪಿ (ಸ್ಯಾಮಿ ಥರದ್ದೇ ಯುರೋಪಿನ ಸಂಸ್ಥೆ) ಮಿತಿಯೊಳಗಿನ ಕಾರ್ಖಾನೆ ತೋಟಾ ಮಾತ್ರ ಅಂತ ಬರೆದಿದೆ. ಹೈ ವಾಲ್ ಗಟ್ಟಿ ಅನ್ನುವ ನನ್ನ ಮಾತನ್ನು ಬಿಡಲ್ಲ, ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದ ಆ ವಿನ್ಯಾಸ ಆ ಕಾಲದ ಗಟ್ಟಿ ಕೆಲಸ. ಆದರೆ ಹೊಸಕೈ ಅವರ ಶಾರ್ಪ್ಸ್‌ಗೆ +ಪಿ ಹೊಡೆಯಬಹುದು ಅನ್ನುವ ಅರ್ಥ ಬರುವ ಹಾಗೆ ಬರೆದಿದ್ದೆ. ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಲೇತ್_ಮನೆ
ಹೈ ವಾಲ್ ಬಗ್ಗೆ ನನ್ನದೂ ಅದೇ ಅಭಿಪ್ರಾಯ ಸರ್.

ಹಳೇಈಡು
ಎಲ್ಲರೂ ಜಾಸ್ತಿ ಒತ್ತಡದ ಬಗ್ಗೆ ಬರೆದಿದ್ದೀರಿ. ಕಮ್ಮಿ ಆದರೂ ಅಪಾಯವೇ. ಒಮ್ಮೆ ನನ್ನ ಪಕ್ಕ ಹೊಡೆಯುತ್ತಿದ್ದವರ ರೋಲಿಂಗ್ ಬ್ಲಾಕ್‌ನಿಂದ "ಪುಸ್" ಅಂತ ಸದ್ದು ಬಂತು. ಹೆಗಲಿಗೆ ಒದೆ ಬರಲಿಲ್ಲ. ಅವರು ಕೇಸು ತೆಗೆದು ಇನ್ನೊಂದು ತೋಟಾ ಹಾಕಲು ಹೊರಟರು. ನಾನು ಕೈ ಹಿಡಿದು ನಿಲ್ಲಿಸಿದೆ. ಹಿಂದಿನಿಂದ ನಳಿಗೆಯೊಳಗೆ ನೋಡಿದರೆ ಬೆಳಕೇ ಇಲ್ಲ. ಗುಂಡು ಅರ್ಧ ದಾರಿಯಲ್ಲಿ ಕೂತಿತ್ತು. ಅದರ ಹಿಂದೆ ಇನ್ನೊಂದು ಈಡು ಹಾರಿದ್ದರೆ ಅವರ ಎಡಗೈ ಇದ್ದ ಜಾಗದಲ್ಲೇ ನಳಿಗೆ ಸೀಳುತ್ತಿತ್ತು. ಸದ್ದಾಗಲಿ ಒದೆಯಾಗಲಿ ಬೇರೆ ಥರ ಅನ್ನಿಸಿದರೆ ನಿಲ್ಲಿಸಿ, ನಳಿಗೆಯಲ್ಲಿ ಬೆಳಕು ನೋಡಿ. ಸಿಂಗಲ್ ಶಾಟ್‌ನಲ್ಲಿ ಇದು ಎರಡು ಸೆಕೆಂಡಿನ ಕೆಲಸ.

ಇನ್ನು ಟ್ರಿಗರ್ ಎಳೆದರೂ ಹಾರದಿದ್ದರೆ ತಕ್ಷಣ ಬ್ಲಾಕ್ ತೆರೆಯಬೇಡಿ. ನಳಿಗೆಯ ಬಾಯಿ ಗುರಿ ಕಡೆಗೇ ಇರಲಿ. ಕನಿಷ್ಠ 30 ಸೆಕೆಂಡು ಕಾಯಿರಿ. ನಾನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಕೇಪು ತೂತು ಬಿದ್ದರೆ ಬಿಸಿ ಗಾಳಿ ಫೈರಿಂಗ್ ಪಿನ್ ದಾರಿಯಲ್ಲಿ ಹಿಂದಕ್ಕೇ ಬರುತ್ತದೆ.

ಹೊಸಕೈ
ವರದಿ ಕೊಡುತ್ತೇನೆ. ನಳಿಗೆ ಬುಡದಲ್ಲಿ ಪಿಎಸ್‌ಎಫ್ ಮುದ್ರೆ ಇದೆ, .45-70 ಅಂತ ಸ್ಪಷ್ಟವಾಗಿದೆ. ಕೈಪುಸ್ತಕದಲ್ಲೂ ಮಾಮೂಲು ಮಿತಿಯ ಕಾರ್ಖಾನೆ ತೋಟಾ ಮಾತ್ರ ಅಂತಿದೆ. +ಪಿ ಡಬ್ಬಿಯನ್ನು ಕೊಟ್ಟವರಿಗೆ ವಾಪಸ್ ಕೊಟ್ಟೆ, ಅವರ ಹತ್ತಿರ ಅದಕ್ಕೆ ಸರಿಯಾದ ಮಾರ್ಲಿನ್ ಇದೆ.

43 ತೋಟಾವನ್ನು ಪರವಾನಗಿ ಇರುವ ಗನ್‌ಸ್ಮಿತ್ ಹತ್ತಿರ ಒಯ್ದೆ. ಅವರು ನನ್ನ ಎದುರಿಗೇ ಐದರ ಗುಂಡು ಕಿತ್ತರು. ನಾಲ್ಕರಲ್ಲಿ ಬೂದು ಬಣ್ಣದ ಹೊಳೆಯುವ ಚಕ್ಕೆ, ಕೇಸಿನ ಕಾಲು ಭಾಗಕ್ಕೂ ಕಮ್ಮಿ. ಐದನೇದರಲ್ಲಿ ಅದೇ ಚಕ್ಕೆ, ನೋಡಿದರೆ ಸಾಕು ಅನ್ನುವಷ್ಟು ಜಾಸ್ತಿ. ಅವರು ಎರಡನ್ನೂ ಬಿಳಿ ಕಾಗದದ ಮೇಲೆ ಪಕ್ಕ ಪಕ್ಕ ಸುರಿದು ತೋರಿಸಿದರು. ಮಿಕ್ಕ 38 ತೆರೆಯುವುದೂ ಬೇಡ, ನಾನೇ ವಿಲೇವಾರಿ ಮಾಡುತ್ತೇನೆ ಅಂದರು. ಬಿಟ್ಟು ಬಂದೆ.

ತಕ್ಕಡಿ
ಆ ಐದನೇದು... ಒಳ್ಳೇದಾಯ್ತು ಸರ್. ಬಹಳ ಒಳ್ಳೇದಾಯ್ತು.

ಕರಿಹೊಗೆ
ಕೊಟ್ಟವರಿಗೂ ಇದನ್ನು ಹೇಳಿ. ಅವರ ಹತ್ತಿರ ಇನ್ನೂ ಇಂಥ ಡಬ್ಬಿ ಇರಬಹುದು.

ಹೊಸಕೈ
ಹೇಳಿದೆ ಸರ್. ಇನ್ನೂ ಎರಡು ಇದ್ದವಂತೆ. ಅವನ್ನೂ ಗನ್‌ಸ್ಮಿತ್‌ಗೆ ಕೊಟ್ಟಿದ್ದಾರೆ.

ಒಂದನೇ ಡಬ್ಬಿಯಿಂದ ನಿನ್ನೆ ಹತ್ತು ಈಡು ಹೊಡೆದೆ. ಕೇಸು ಸಲೀಸಾಗಿ ಬಂದವು. ಒಂದು ಅನುಮಾನ. ಹೊಡೆದ ಮೇಲೆ ಲಿವರ್ ಇಳಿಸುವಾಗ ಮೊದಲ ಒಂದು ಸಲ ಬಿಗಿ ಅನ್ನಿಸಿತು, ಏನೋ ಕೆರೆದ ಹಾಗೆ.

ಹಳೇಈಡು
ಹ್ಯಾಮರ್ (ಫೈರಿಂಗ್ ಪಿನ್ನಿಗೆ ಬಡಿಯುವ ಸುತ್ತಿಗೆ) ಕೆಳಗೇ ಇತ್ತಾ?

ಹೊಸಕೈ
ಹೌದು.

ಹಳೇಈಡು
ಅದೇ ಕಾರಣ ಇರಬೇಕು. ಶಾರ್ಪ್ಸ್‌ನಲ್ಲಿ ಲಿವರ್ ಇಳಿಸುವ ಮುಂಚೆ ಹ್ಯಾಮರನ್ನು ಹಾಫ್ ಕಾಕ್‌ಗೆ, ಅಂದರೆ ಅರ್ಧದಷ್ಟು ಹಿಂದಕ್ಕೆ ಎಳೆಯಿರಿ. ಇಲ್ಲದಿದ್ದರೆ ಫೈರಿಂಗ್ ಪಿನ್ನಿನ ಮೂತಿ ಕೇಪಿನ ಗುಂಡಿಯಲ್ಲೇ ಸಿಕ್ಕಿಕೊಂಡು ಬ್ಲಾಕ್ ಜೊತೆ ಕೆಳಗೆ ಎಳೆಯಲ್ಪಡುತ್ತದೆ. ಮೂತಿ ಮುರಿಯಬಹುದು. ಮುಂದಿನ ಸಲ ಹೋಗುವ ಮುಂಚೆ ಪಿನ್ ಬಿಚ್ಚಿಸಿ ಒಂದು ಸಲ ನೋಡಿಸಿ. ಆ ಹತ್ತು ಕೇಸಿನ ಕೇಪುಗಳ ಮೇಲೂ ಕಣ್ಣಾಡಿಸಿ. ಮೊದಲನೇದರಲ್ಲಿ ಏಟಿನ ಗುರುತು ಒಂದು ಕಡೆಗೆ ಎಳೆದ ಹಾಗಿರುತ್ತದೆ.

ಹೊಸಕೈ
ನೋಡಿದೆ. ಕೆಳಗಡೆಗೆ ಎಳೆದ ಹಾಗೆ ಉದ್ದಕ್ಕೆ ಇದೆ. ಮಿಕ್ಕ ಒಂಬತ್ತು ದುಂಡಗಿವೆ. ನಾಳೆ ಪಿನ್ ತೋರಿಸುತ್ತೇನೆ.